ಸ್ಟೀವ್ ಅಲೆನ್

ಸ್ಟೀಫನ್ ವ್ಯಾಲೆಂಟೈನ್ ಪ್ಯಾಟ್ರಿಕ್ ವಿಲಿಯಂ ಅಲೆನ್ (ಡಿಸೆಂಬರ್ 26, 1921 – ಅಕ್ಟೋಬರ್ 30, 2000) ಅಮೆರಿಕದ ದೂರದರ್ಶನ ನಿರೂಪಕ, ಹಾಸ್ಯಗಾರ, ಪಿಯಾನೊ ವಾದಕ, ಗೀತರಚನೆಕಾರ ಮತ್ತು ಲೇಖಕ. ಎನ್‌ಬಿಸಿ ವಾಹಿನಿಯ 'ಟುನೈಟ್' ಕಾರ್ಯಕ್ರಮದ ಮೊದಲ ನಿರೂಪಕರಾಗಿ ಇವರು ಪ್ರಸಿದ್ಧರು. ಆರಂಭದ ಸ್ವಗತ, ಮೇಜಿನ ಹಿಂದೆ ಕುಳಿತ ನಿರೂಪಕ, ಪಕ್ಕದಲ್ಲಿ ಅತಿಥಿ, ಒಂದು ಬದಿಗೆ ವಾದ್ಯವೃಂದ, ಎದುರಿಗೆ ಜೀವಂತ ಪ್ರೇಕ್ಷಕ ವರ್ಗ ಎಂಬ, ಇಂದು ಜಗತ್ತಿನ ಎಲ್ಲೆಡೆ ಪರಿಚಿತವಾಗಿರುವ ಟಾಕ್ ಶೋ ಚೌಕಟ್ಟು ಬಹುಮಟ್ಟಿಗೆ ಇವರ ಕಾಲದಲ್ಲಿಯೇ ಗಟ್ಟಿಗೊಂಡಿತು. ಆ ಕಾರ್ಯಕ್ರಮವನ್ನು ಅಲೆನ್ ಸುಮಾರು ಎರಡೂಕಾಲು ವರ್ಷ ಮಾತ್ರ ನಡೆಸಿದರು. ಇವರ ನಂತರ ಬಂದ ಜಾನಿ ಕಾರ್ಸನ್ ಅದನ್ನು ಮೂವತ್ತು ವರ್ಷ ನಡೆಸಿದರು. ಹೀಗಾಗಿ ಸಾಮಾನ್ಯ ವೀಕ್ಷಕರ ನೆನಪಿನಲ್ಲಿ ಆ ಕಾರ್ಯಕ್ರಮಕ್ಕೆ ಕಾರ್ಸನ್ ಅವರ ಹೆಸರೇ ಅಂಟಿಕೊಂಡಿದೆ.

ಬಾಲ್ಯ ಮತ್ತು ಶಿಕ್ಷಣ

ಅಲೆನ್ ಜನಿಸಿದ್ದು ನ್ಯೂಯಾರ್ಕ್ ನಗರದಲ್ಲಿ. ತಂದೆ ಬಿಲ್ಲಿ ಅಲೆನ್ ಮತ್ತು ತಾಯಿ ಬೆಲ್ ಮಾಂಟ್ರೋಸ್ ಇಬ್ಬರೂ ವಾಡ್‌ವಿಲ್ ರಂಗಭೂಮಿಯ ಕಲಾವಿದರು. ಊರೂರು ಸುತ್ತಿ ಹಾಡು, ಕುಣಿತ, ನಗೆ ಪ್ರಸಂಗಗಳನ್ನು ಪ್ರದರ್ಶಿಸುವ ಆ ರಂಗಪ್ರಕಾರದಲ್ಲಿ ದಂಪತಿ ಜೋಡಿಯಾಗಿ ಅಭಿನಯಿಸುತ್ತಿದ್ದರು. ತಾಯಿಯ ಹಾಸ್ಯಪ್ರಜ್ಞೆ ಅಸಾಧಾರಣವಾದುದೆಂದು ಸಮಕಾಲೀನ ಕಲಾವಿದರೂ ಒಪ್ಪುತ್ತಿದ್ದರು. ವಾಡ್‌ವಿಲ್‌ನ ಸ್ತ್ರೀ ಕಲಾವಿದರಲ್ಲೆಲ್ಲ ಅತ್ಯಂತ ಹಾಸ್ಯಮಯಿ ಆಕೆಯೇ ಎಂಬುದು ಮಿಲ್ಟನ್ ಬರ್ಲ್ ಅವರ ಅಭಿಪ್ರಾಯವಾಗಿತ್ತು. ಮಗುವಿಗೆ ಎರಡು ವರ್ಷ ತುಂಬುವ ಮೊದಲೇ ತಂದೆ ತೀರಿಕೊಂಡರು. ತಾಯಿ ಪ್ರದರ್ಶನಗಳಿಗಾಗಿ ಸಂಚರಿಸುತ್ತಿದ್ದುದರಿಂದ ಬಾಲಕ ಬೆಳೆದದ್ದು ಶಿಕಾಗೋ ನಗರದ ದಕ್ಷಿಣ ಭಾಗದಲ್ಲಿದ್ದ ತಾಯಿಯ ತವರಿನವರ ನಡುವೆ. ಅದು ಐರಿಷ್ ಮೂಲದ ಕ್ಯಾಥೊಲಿಕ್ ಕುಟುಂಬ. ಆ ಮನೆಯಲ್ಲಿ ಬಡತನ, ಕುಡಿತ ಮತ್ತು ಜಗಳಗಳಿಗೆ ಕೊರತೆ ಇರಲಿಲ್ಲ. ಮಾತಿಗೆ ತಿರುಗುಮಾತು ಕೊಡುವ ಚಾತುರ್ಯಕ್ಕೂ ಇರಲಿಲ್ಲ. ಬಿಡಾರ ಬದಲಾದಂತೆಲ್ಲ ಶಾಲೆಯೂ ಬದಲಾಗುತ್ತಿತ್ತು.

ಹದಿನಾರನೆಯ ವಯಸ್ಸಿನಲ್ಲಿ ಅಲೆನ್ ಮನೆ ಬಿಟ್ಟು ಓಡಿಹೋದರು. ಆರ್ಥಿಕ ಮಹಾಕುಸಿತದ ಆ ದಿನಗಳಲ್ಲಿ ದಾರಿಹೋಕರ ವಾಹನಗಳನ್ನು ಹತ್ತಿ ಅಲೆಯುತ್ತಾ, ಹೊಟ್ಟೆಪಾಡಿಗೆ ಕೈಯೊಡ್ಡಿದ್ದೂ ಉಂಟು. ಭಿಕ್ಷೆ ಬೇಡಲು ಮನಸ್ಸು ಎಷ್ಟು ಬೇಗ ಒಗ್ಗಿಕೊಳ್ಳುತ್ತದೆ ಎಂಬುದೇ ತಮ್ಮನ್ನು ಬೆಚ್ಚಿಬೀಳಿಸಿತೆಂದು ಇವರು ಮುಂದೆ ನೆನೆದಿದ್ದಾರೆ.

ಪತ್ರಿಕೋದ್ಯಮ ಕಲಿಯಲು ಅಯೋವ ರಾಜ್ಯದ ಡ್ರೇಕ್ ವಿಶ್ವವಿದ್ಯಾನಿಲಯ ಸೇರಿದರಾದರೂ, ಬಾಲ್ಯದಿಂದ ಕಾಡುತ್ತಿದ್ದ ಉಬ್ಬಸದ ಕಾರಣ ಒಣಹವೆಯ ಅರಿಜೋನಕ್ಕೆ ತೆರಳಬೇಕಾಯಿತು. ಅಲ್ಲಿನ ಶಿಕ್ಷಕರ ಕಾಲೇಜಿನ ವ್ಯಾಸಂಗವನ್ನು ಅರ್ಧಕ್ಕೆ ಬಿಟ್ಟು ಫೀನಿಕ್ಸ್ ನಗರದ ಕೆಒವೈ ಬಾನುಲಿ ಕೇಂದ್ರದಲ್ಲಿ ಕೆಲಸಕ್ಕೆ ಸೇರಿದರು. ಉದ್ಘೋಷಣೆ, ಬರವಣಿಗೆ, ಪಿಯಾನೊ ವಾದನ ಎಲ್ಲವನ್ನೂ ಅಲ್ಲಿ ಒಬ್ಬರೇ ಮಾಡಬೇಕಿತ್ತು. 1943ರಲ್ಲಿ ಡೊರೊತಿ ಗುಡ್‌ಮನ್ ಅವರನ್ನು ವಿವಾಹವಾದರು. ಈ ದಾಂಪತ್ಯದಲ್ಲಿ ಮೂವರು ಗಂಡುಮಕ್ಕಳು. ಎರಡನೆಯ ಮಹಾಯುದ್ಧದ ಸಮಯದಲ್ಲಿ ಸೈನ್ಯಕ್ಕೆ ಸೇರಿದ ಅಲೆನ್ ಅವರನ್ನು ಉಬ್ಬಸದ ಕಾರಣದಿಂದಲೇ ಕೆಲವು ತಿಂಗಳಲ್ಲಿ ಬಿಡುಗಡೆ ಮಾಡಲಾಯಿತು.

ಬಾನುಲಿಯಲ್ಲಿ

ಯುದ್ಧಾನಂತರ ಲಾಸ್ ಏಂಜಲೀಸ್‌ಗೆ ಬಂದ ಅಲೆನ್, ವೆಂಡೆಲ್ ನೋಬಲ್ ಅವರೊಡಗೂಡಿ ಮ್ಯೂಚುವಲ್ ಬಾನುಲಿ ಜಾಲಕ್ಕಾಗಿ 'ಸ್ಮೈಲ್ ಟೈಮ್' ಎಂಬ ಹಾಸ್ಯ ಕಾರ್ಯಕ್ರಮ ನಡೆಸಿದರು. ಇವರ ಬದುಕಿನ ದಿಕ್ಕನ್ನು ನಿರ್ಧರಿಸಿದ್ದು 1948ರಲ್ಲಿ ಸಿಬಿಎಸ್ ಜಾಲದ ಕೆಎನ್‌ಎಕ್ಸ್ ಕೇಂದ್ರದಲ್ಲಿ ದೊರೆತ ತಡರಾತ್ರಿಯ ಅರ್ಧ ಗಂಟೆ. ಧ್ವನಿಮುದ್ರಿಕೆಗಳನ್ನು ನುಡಿಸುವುದು, ನಡುನಡುವೆ ಒಂದೆರಡು ಮಾತು ಸೇರಿಸುವುದು ಇವರಿಗೆ ವಹಿಸಿದ್ದ ಕೆಲಸ. ದಿನಗಳೆದಂತೆ ಹಾಡು ಕಡಿಮೆಯಾಗಿ ಮಾತು ಹೆಚ್ಚಾಯಿತು. ಸಂಗೀತ ಕೇಳಿಸಲು ನೇಮಿಸಿದವರು ಹರಟೆ ಹೊಡೆಯುತ್ತಿದ್ದಾರೆಂದು ಕೇಂದ್ರದ ಮೇಲಧಿಕಾರಿಗಳು ಆಕ್ಷೇಪಣೆಯ ಟಿಪ್ಪಣಿ ಕಳುಹಿಸಿದರು. ಅಲೆನ್ ಆ ಟಿಪ್ಪಣಿಯನ್ನೇ ಪ್ರಸಾರದಲ್ಲಿ ಚರ್ಚೆಗೆ ತಂದರು. ಕೇಳುಗರ ಪತ್ರಗಳು ರಾಶಿಯಾಗಿ ಬಂದು ಬಿದ್ದವು. ಅವರೆಲ್ಲ ಮಾತಿನ ಪರವಾಗಿದ್ದರು. ಆಕ್ಷೇಪಣೆ ಅಲ್ಲಿಗೇ ನಿಂತಿತು. ಅವಧಿ ಒಂದು ಗಂಟೆಗೆ ಹಿಗ್ಗಿತು. ಸ್ಟುಡಿಯೊಗೆ ಪ್ರೇಕ್ಷಕರು ಬರತೊಡಗಿದರು.

ಒಂದು ರಾತ್ರಿ ಅತಿಥಿಯಾಗಿ ಬರಬೇಕಿದ್ದ ಗಾಯಕಿ ಡೋರಿಸ್ ಡೇ ಬರಲಿಲ್ಲ. ಸಂದರ್ಶನಕ್ಕಾಗಿ ಮೀಸಲಿಟ್ಟಿದ್ದ ಸಮಯ ಬರಿದಾಗಿ ಉಳಿಯಿತು. ಅಲೆನ್ ಮೈಕ್ ಹಿಡಿದು ಪ್ರೇಕ್ಷಕರ ನಡುವೆ ಇಳಿದು ಸಿಕ್ಕವರನ್ನು ಮಾತನಾಡಿಸಿದರು. ಊರು ಯಾವುದು, ಇಲ್ಲಿಗೆ ಬಂದದ್ದೇಕೆ ಎಂಬಂಥ ಸಾಮಾನ್ಯ ಪ್ರಶ್ನೆಗಳಿಗೆ ಬಂದ ಉತ್ತರಗಳು, ಆ ಉತ್ತರಗಳಿಗೆ ಇವರು ಕೊಟ್ಟ ಮರುಮಾತು, ಬರೆದುಕೊಂಡು ಬಂದ ಯಾವ ಹಾಸ್ಯಕ್ಕಿಂತಲೂ ಹೆಚ್ಚು ನಗೆಯುಕ್ಕಿಸಿದವು. ಸಿದ್ಧಪಾಠವಿಲ್ಲದೆಯೂ ಜನರನ್ನು ರಂಜಿಸಬಹುದೆಂಬ ಅರಿವು ತಮಗೆ ಮೂಡಿದ್ದು ಆ ರಾತ್ರಿಯೇ ಎಂದು ಅಲೆನ್ ಅನೇಕ ಬಾರಿ ಹೇಳಿಕೊಂಡಿದ್ದಾರೆ. ಮುಂದಿನ ಐವತ್ತು ವರ್ಷಗಳ ಇವರ ದೂರದರ್ಶನ ಜೀವನವೆಲ್ಲ ಈ ಅರಿವಿನ ವಿಸ್ತರಣೆಯೇ ಆಗಿದೆ.

ಇದೇ ಲಾಸ್ ಏಂಜಲೀಸ್ ದಿನಗಳಲ್ಲಿ ಗಾಯಕ ಫ್ರಾಂಕಿ ಲೇನ್ ಅವರೊಡನೆ 1,000 ಡಾಲರ್‌ಗಳ ಪಂದ್ಯ ಕಟ್ಟಿ, ಒಂದು ವಾರದವರೆಗೆ ದಿನಕ್ಕೆ 50ರಂತೆ ಹಾಡುಗಳನ್ನು ರಚಿಸಿದರು. ಹಾಲಿವುಡ್‌ನ ವಾಲಿಕ್ಸ್ ಮ್ಯೂಸಿಕ್ ಸಿಟಿ ಎಂಬ ಅಂಗಡಿಯ ಗಾಜಿನ ಕಿಟಕಿಯಲ್ಲಿ ಪಿಯಾನೊ ಇಟ್ಟುಕೊಂಡು, ದಾರಿಹೋಕರು ನೋಡುತ್ತಿರುವಂತೆಯೇ ನಡೆದ ರಚನೆ ಅದು. 350 ಹಾಡುಗಳು ಪೂರ್ಣಗೊಂಡು ಪಂದ್ಯವೇನೋ ಗೆದ್ದಿತು. ಹಾಡುಗಳಲ್ಲಿ ಬಹುಪಾಲು ಮರೆತುಹೋದವು.

ದೂರದರ್ಶನಕ್ಕೆ ಪ್ರವೇಶ

1950ರ ಡಿಸೆಂಬರ್ 25ರಂದು ಸಿಬಿಎಸ್ ವಾಹಿನಿಯಲ್ಲಿ 'ದಿ ಸ್ಟೀವ್ ಅಲೆನ್ ಶೋ' ಆರಂಭವಾಯಿತು. ಮರುತಿಂಗಳು ಆರ್ಥರ್ ಗಾಡ್‌ಫ್ರಿ ಅವರ ಜನಪ್ರಿಯ 'ಟ್ಯಾಲೆಂಟ್ ಸ್ಕೌಟ್ಸ್' ಕಾರ್ಯಕ್ರಮಕ್ಕೆ ಗಾಡ್‌ಫ್ರಿ ಬರಲಾಗದೆ ಹೋದಾಗ ಕೊನೆಯ ಗಳಿಗೆಯಲ್ಲಿ ಅಲೆನ್ ಅವರನ್ನು ಕರೆಸಲಾಯಿತು. ಪ್ರಾಯೋಜಕರ ಚಹಾ ಮತ್ತು ಸೂಪನ್ನು ಕ್ಯಾಮೆರಾದ ಮುಂದೆ ತಯಾರಿಸಿ ತೋರಿಸುವುದೂ ನಿರೂಪಕನ ಕರ್ತವ್ಯವಾಗಿತ್ತು. ಅಲೆನ್ ಎರಡನ್ನೂ ಬೆರೆಸಿ ಗಾಡ್‌ಫ್ರಿ ಅವರ ಉಕುಲೆಲೆ ವಾದ್ಯದೊಳಗೆ ಸುರಿದುಬಿಟ್ಟರು. ಜಾಹೀರಾತು ಕೆಟ್ಟಿತು; ಆದರೆ ದೇಶ ಅಲೆನ್ ಅವರನ್ನು ಗುರುತಿಸಿತು. ಅನಂತರ 'ವಾಟ್ಸ್ ಮೈ ಲೈನ್?' ಎಂಬ ರಸಪ್ರಶ್ನೆ ಕಾರ್ಯಕ್ರಮದ ಸದಸ್ಯರಾದರು. ಅಲ್ಲಿ ಅತಿಥಿಯ ವೃತ್ತಿಯನ್ನು ಊಹಿಸಲು, ಅದಕ್ಕೆ ಸಂಬಂಧಿಸಿದ ವಸ್ತು ಬ್ರೆಡ್ಡಿನ ಡಬ್ಬಿಗಿಂತ ದೊಡ್ಡದೇ ಎಂದು ಇವರು ಕೇಳುತ್ತಿದ್ದ ಪ್ರಶ್ನೆ ಅಮೆರಿಕನ್ನರ ಆಡುಮಾತಿನ ಭಾಗವಾಯಿತು.

ಮೊದಲ ವಿವಾಹ ವಿಚ್ಛೇದನದಲ್ಲಿ ಕೊನೆಗೊಂಡ ಮೇಲೆ 1954ರಲ್ಲಿ ನಟಿ ಜೇನ್ ಮೆಡೋಸ್ ಅವರನ್ನು ಮದುವೆಯಾದರು. ಚೀನಾದಲ್ಲಿ ಕ್ರೈಸ್ತ ಮಿಷನರಿ ದಂಪತಿಗೆ ಜನಿಸಿದ ಜೇನ್, ನಟಿ ಆಡ್ರಿ ಮೆಡೋಸ್ ಅವರ ಅಕ್ಕ. ಇವರಿಗೆ ಒಬ್ಬ ಮಗ. ಈ ದಾಂಪತ್ಯ ಅಲೆನ್ ಅವರ ಮರಣದವರೆಗೂ, 46 ವರ್ಷ ಬಾಳಿತು.

'ಟುನೈಟ್'

ರಾತ್ರಿ ಹನ್ನೊಂದರ ನಂತರ ಯಾರೂ ದೂರದರ್ಶನ ನೋಡುವುದಿಲ್ಲವೆಂದು 1950ರ ದಶಕದ ಆರಂಭದಲ್ಲಿ ವಾಹಿನಿಗಳು ನಂಬಿದ್ದವು. ಎನ್‌ಬಿಸಿ 1950ರಲ್ಲಿ 'ಬ್ರಾಡ್‌ವೇ ಓಪನ್ ಹೌಸ್' ಎಂಬ ತಡರಾತ್ರಿಯ ಪ್ರಯೋಗ ನಡೆಸಿ ಮರುವರ್ಷವೇ ಕೈಬಿಟ್ಟಿತ್ತು. 1953ರ ಜುಲೈನಲ್ಲಿ ಎನ್‌ಬಿಸಿಯ ನ್ಯೂಯಾರ್ಕ್ ಸ್ಥಳೀಯ ಕೇಂದ್ರದಲ್ಲಿ, ಒಂದು ಬಿಯರ್ ಕಂಪನಿಯ ಪ್ರಾಯೋಜಕತ್ವದಲ್ಲಿ, ಅಲೆನ್ ನಡೆಸತೊಡಗಿದ ಕಾರ್ಯಕ್ರಮ ಆ ನಂಬಿಕೆಯನ್ನು ಸುಳ್ಳು ಮಾಡಿತು. ಬೆಳಗಿನ 'ಟುಡೇ' ಕಾರ್ಯಕ್ರಮವನ್ನು ರೂಪಿಸಿದ್ದ ಎನ್‌ಬಿಸಿ ಅಧ್ಯಕ್ಷ ಪ್ಯಾಟ್ ವೀವರ್, ಇದನ್ನು 'ಟುನೈಟ್' ಎಂಬ ಹೆಸರಿನಲ್ಲಿ ರಾಷ್ಟ್ರೀಯ ಜಾಲಕ್ಕೆ ಏರಿಸಿದರು.

1954ರ ಸೆಪ್ಟೆಂಬರ್ 27ರಂದು ನ್ಯೂಯಾರ್ಕ್‌ನ ಹಡ್ಸನ್ ರಂಗಮಂದಿರದಿಂದ ಮೊದಲ ಪ್ರಸಾರ ನಡೆಯಿತು. ಪಿಯಾನೊ ಮುಂದೆ ಕುಳಿತಿದ್ದ ಅಲೆನ್, ಈ ಕಾರ್ಯಕ್ರಮ ಎಂದೆಂದಿಗೂ ಮುಗಿಯದಂಥದ್ದೆಂದು ಅದರ ದೀರ್ಘ ಅವಧಿಯನ್ನು ತಮಾಷೆ ಮಾಡಿದರು. ಎಪ್ಪತ್ತು ವರ್ಷಗಳ ನಂತರವೂ ಅದೇ ಹೆಸರಿನ ಕಾರ್ಯಕ್ರಮ ನಡೆಯುತ್ತಿರುವುದರಿಂದ ಆ ನಗೆಮಾತು ಭವಿಷ್ಯವಾಣಿಯಂತೆ ಕೇಳಿಸುತ್ತದೆ. ನ್ಯೂಯಾರ್ಕ್‌ನಲ್ಲಿ ಇದರ ಅವಧಿ 105 ನಿಮಿಷ. ವಾರಕ್ಕೆ ಐದು ರಾತ್ರಿ ಇಷ್ಟು ಹೊತ್ತನ್ನು ನೇರಪ್ರಸಾರದಲ್ಲಿ ತುಂಬಲು ಸಾಲುವಷ್ಟು ಹಾಸ್ಯವನ್ನು ಯಾವ ಬರಹಗಾರರ ತಂಡವೂ ಬರೆದುಕೊಡಲಾರದು. ಆದ್ದರಿಂದ ಕೆಎನ್‌ಎಕ್ಸ್‌ನಲ್ಲಿ ಕಲಿತ ವಿದ್ಯೆಯೇ ಇಲ್ಲಿ ಆಧಾರವಾಯಿತು. ಅಲೆನ್ ಪ್ರೇಕ್ಷಕರ ನಡುವೆ ಓಡಾಡಿದರು. ರಂಗಮಂದಿರದ ಬಾಗಿಲು ತೆರೆಸಿ ಹೊರಗಿನ 44ನೆಯ ಬೀದಿಗೆ ಕ್ಯಾಮೆರಾ ತಿರುಗಿಸಿ, ಏನೂ ಅರಿಯದೆ ನಡೆದುಹೋಗುವವರ ಬಗ್ಗೆ ಒಳಗಿನಿಂದಲೇ ವಿವರಣೆ ನೀಡಿದರು. ವೃತ್ತಪತ್ರಿಕೆಗೆ ಓದುಗರು ಬರೆದ ಸಿಟ್ಟಿನ ಪತ್ರಗಳನ್ನು, ಅಂಥದೇ ಸಿಟ್ಟು ನಟಿಸುತ್ತಾ ಗಟ್ಟಿಯಾಗಿ ಓದಿದರು. ಉತ್ತರ ಮೊದಲು ಹೇಳಿಸಿ ಆಮೇಲೆ ಅದಕ್ಕೆ ತಕ್ಕ ಪ್ರಶ್ನೆ ಕಟ್ಟುವ ಇವರ ಪ್ರಸಂಗವನ್ನೇ ಹೋಲುವ ಪಾತ್ರವೊಂದನ್ನು ಮುಂದೆ ಕಾರ್ಸನ್ ಬೇರೆ ವೇಷದಲ್ಲಿ ಜನಪ್ರಿಯಗೊಳಿಸಿದರು.

ಜೀನ್ ರೇಬರ್ನ್ ಉದ್ಘೋಷಕರಾಗಿಯೂ ಸ್ಕಿಚ್ ಹೆಂಡರ್ಸನ್ ವಾದ್ಯವೃಂದದ ನಾಯಕರಾಗಿಯೂ ಇದ್ದರು. ಸ್ಟೀವ್ ಲಾರೆನ್ಸ್, ಈಡಿ ಗೋರ್ಮೆ, ಆಂಡಿ ವಿಲಿಯಮ್ಸ್ ಮೊದಲಾದ ಯುವ ಗಾಯಕರು ದೇಶಕ್ಕೆ ಪರಿಚಿತರಾದದ್ದು ಇಲ್ಲಿಂದಲೇ. ಜಾಝ್ ಸಂಗೀತಗಾರರಿಗೆ, ಅವರಲ್ಲಿಯೂ ಕಪ್ಪು ವರ್ಣೀಯ ಕಲಾವಿದರಿಗೆ, ಆ ಕಾಲದ ದೂರದರ್ಶನದಲ್ಲಿ ಅಪರೂಪವಾಗಿದ್ದ ಗೌರವದ ಸ್ಥಾನ ಇಲ್ಲಿ ದೊರೆಯಿತು. ತಡರಾತ್ರಿಯ ಸಮಯ ಬರೀ ನಗುವಿಗೆ ಮೀಸಲಲ್ಲವೆಂದು ಅಲೆನ್ ಭಾವಿಸಿದ್ದರು. ಕಮ್ಯುನಿಸ್ಟ್ ಎಂಬ ಶಂಕೆಯ ಮೇಲೆ ಕಲಾವಿದರಿಗೆ ಕೆಲಸ ನಿರಾಕರಿಸುತ್ತಿದ್ದ ಕಪ್ಪುಪಟ್ಟಿಯ ಪದ್ಧತಿಯನ್ನೂ ಇವರು ಅಲ್ಲಿ ಚರ್ಚೆಗೆ ತಂದರು. ಪ್ರಾಯೋಜಕರ ದಾಕ್ಷಿಣ್ಯದಲ್ಲಿ ಬದುಕುತ್ತಿದ್ದ ಮಾಧ್ಯಮದಲ್ಲಿ ಇದು ಸಣ್ಣ ಸಾಹಸವಲ್ಲ.

ಈ ಕಾರ್ಯಕ್ರಮಗಳಲ್ಲಿ ಬಹುಪಾಲಿನ ದಾಖಲೆ ಉಳಿದಿಲ್ಲ. ನೇರಪ್ರಸಾರವನ್ನು ಪರದೆಯಿಂದ ಚಿತ್ರೀಕರಿಸಿಕೊಂಡ ಕೈನೆಸ್ಕೋಪ್ ಸುರುಳಿಗಳನ್ನು ಸಂರಕ್ಷಿಸುವ ರೂಢಿ ಆಗ ಇರಲಿಲ್ಲ. ಬಹುತೇಕ ಸುರುಳಿಗಳನ್ನು ನಾಶಪಡಿಸಲಾಯಿತು. ತಮ್ಮ ಅತ್ಯುತ್ತಮ ಕೆಲಸವನ್ನು ತೋರಿಸಲು ಸಾಕ್ಷ್ಯವಿಲ್ಲವೆಂಬ ಕೊರಗು ಅಲೆನ್ ಅವರನ್ನು ಕೊನೆಯವರೆಗೂ ಬಾಧಿಸಿತು. ಟಾಕ್ ಶೋ ಇತಿಹಾಸದಲ್ಲಿ ಇವರ ಪಾಲು ಎಷ್ಟೆಂಬ ಚರ್ಚೆ ಇಂದಿಗೂ ನೋಡಿದವರ ನೆನಪನ್ನೇ ಹೆಚ್ಚಾಗಿ ಅವಲಂಬಿಸಬೇಕಾಗಿರುವುದು ಇದರಿಂದಲೇ.

ಭಾನುವಾರದ ಸ್ಪರ್ಧೆ

1956ರ ಜೂನ್‌ನಲ್ಲಿ ಎನ್‌ಬಿಸಿ, ಭಾನುವಾರ ಸಂಜೆ ಸಿಬಿಎಸ್‌ನ ಎಡ್ ಸಲಿವನ್ ಅವರಿಗೆ ಎದುರಾಗಿ ಅಲೆನ್ ಅವರನ್ನು ನಿಲ್ಲಿಸಿತು. ಎರಡೂ ಹೊರೆ ಹೊರಲಾಗದೆ ಆ ವರ್ಷದ ಶರತ್ಕಾಲದಿಂದ 'ಟುನೈಟ್'ನ ವಾರದ ಎರಡು ರಾತ್ರಿಗಳನ್ನು ಅರ್ನಿ ಕೊವಾಕ್ಸ್ ಅವರಿಗೆ ಬಿಟ್ಟುಕೊಟ್ಟರು. 1957ರ ಜನವರಿಯಲ್ಲಿ ಪೂರ್ಣವಾಗಿ ಹೊರಬಂದರು. ಅಲೆನ್ ಬಿಟ್ಟ ಜಾಗದಲ್ಲಿ ಬಂದ 'ಅಮೆರಿಕ ಆಫ್ಟರ್ ಡಾರ್ಕ್' ಎಂಬ ವಾರ್ತಾ ಮಾದರಿಯ ಕಾರ್ಯಕ್ರಮ ಕೆಲವೇ ತಿಂಗಳಲ್ಲಿ ನೆಲಕಚ್ಚಿತು. ಎನ್‌ಬಿಸಿ ಮತ್ತೆ ಹಳೆಯ ಮಾದರಿಗೆ ಮರಳಿ ಜ್ಯಾಕ್ ಪಾರ್ ಅವರನ್ನೂ, 1962ರಲ್ಲಿ ಕಾರ್ಸನ್ ಅವರನ್ನೂ ನಿರೂಪಕರನ್ನಾಗಿಸಿತು.

ಎಲ್ವಿಸ್ ಪ್ರೆಸ್ಲಿ ಭಾನುವಾರದ ಕಾರ್ಯಕ್ರಮಕ್ಕೆ ಬಂದದ್ದು 1956ರ ಜುಲೈ 1ರಂದು. ಅದಕ್ಕೆ ಮುನ್ನ ಬೇರೊಂದು ಕಾರ್ಯಕ್ರಮದಲ್ಲಿ ಪ್ರೆಸ್ಲಿ ಅವರ ನರ್ತನ ಅಶ್ಲೀಲವೆಂಬ ಕೂಗು ಎದ್ದಿತ್ತು. ಅಲೆನ್ ಅವರಿಗೆ ಔಪಚಾರಿಕ ಉಡುಪು ತೊಡಿಸಿ, ಒಂದು ಬ್ಯಾಸೆಟ್ ಹೌಂಡ್ ನಾಯಿಯ ಮುಂದೆ ನಿಂತು 'ಹೌಂಡ್ ಡಾಗ್' ಹಾಡಿಸಿದರು. ಆ ರಾತ್ರಿ ವೀಕ್ಷಕರ ಸಂಖ್ಯೆಯಲ್ಲಿ ಅಲೆನ್ ಸಲಿವನ್ ಅವರನ್ನು ಮೀರಿಸಿದರು. ಅದರ ಬೆನ್ನಿಗೇ ಸಲಿವನ್ ಮೂರು ಪ್ರದರ್ಶನಗಳಿಗೆ 50,000 ಡಾಲರ್ ಕೊಟ್ಟು ಪ್ರೆಸ್ಲಿ ಅವರನ್ನು ಒಪ್ಪಿಸಿಕೊಂಡರು. ರಾಕ್ ಸಂಗೀತದ ಅಭಿಮಾನಿಗಳು ಈ ಪ್ರಸಂಗವನ್ನು ಅಪಮಾನವೆಂದೇ ಪರಿಗಣಿಸಿದ್ದಾರೆ. ಟೀಕೆಯಿಂದ ಗಾಯಕನನ್ನು ಪಾರು ಮಾಡುವ ಹಾಸ್ಯವಷ್ಟೇ ಅದೆಂಬ ಅಲೆನ್ ಅವರ ಸಮರ್ಥನೆಯನ್ನು ಪೂರ್ಣವಾಗಿ ಒಪ್ಪುವುದು ಕಷ್ಟ. ಜಾಝ್ ಪ್ರೇಮಿಯಾಗಿದ್ದ ಇವರಿಗೆ ರಾಕ್ ಸಂಗೀತದ ಬಗ್ಗೆ ಮೆಚ್ಚುಗೆ ಇರಲಿಲ್ಲ.

ಆದರೆ ಹೊಸಬರಿಗೆ ವೇದಿಕೆ ಕೊಡುವುದರಲ್ಲಿ ಹಿಂಜರಿದವರಲ್ಲ. 1957ರಲ್ಲಿ ಜೆರ್ರಿ ಲೀ ಲೂಯಿಸ್ ಅವರನ್ನು ಪರಿಚಯಿಸಿದರು. ಕೃತಜ್ಞತೆಯಿಂದ ಲೂಯಿಸ್ ತಮ್ಮ ಮಗನಿಗೆ ಇವರ ಹೆಸರನ್ನೇ ಇಟ್ಟರು. 1959ರಲ್ಲಿ, ಉಳಿದವರು ಹತ್ತಿರ ಸೇರಿಸಲು ಅಂಜುತ್ತಿದ್ದ ಹಾಸ್ಯಗಾರ ಲೆನ್ನಿ ಬ್ರೂಸ್ ಇವರ ವೇದಿಕೆಯಿಂದ ದೇಶದ ಮುಂದೆ ಬಂದರು. ಅದೇ ವರ್ಷ ಜ್ಯಾಕ್ ಕೆರೂಯಾಕ್ ತಮ್ಮ ಗದ್ಯವನ್ನು ಓದಿದಾಗ ಅಲೆನ್ ಪಿಯಾನೊ ನುಡಿಸಿದರು. ಡಾನ್ ನಾಟ್ಸ್, ಟಾಮ್ ಪೋಸ್ಟನ್, ಲೂಯಿ ನೈ, ಬಿಲ್ ಡೇನಾ ಮುಂತಾದ ಹಾಸ್ಯನಟರು ಈ ತಂಡದಿಂದಲೇ ಹೊರಹೊಮ್ಮಿದರು. 1958ನೆಯ ಸಾಲಿನ ಪೀಬಾಡಿ ಪ್ರಶಸ್ತಿ ಈ ಕಾರ್ಯಕ್ರಮಕ್ಕೆ ಸಂದಿತು.

1962ರಿಂದ 1964ರವರೆಗೆ ವೆಸ್ಟಿಂಗ್‌ಹೌಸ್ ಸಂಸ್ಥೆಗಾಗಿ ಹಾಲಿವುಡ್‌ನಿಂದ ನಡೆಸಿದ ರಾತ್ರಿಯ ಕಾರ್ಯಕ್ರಮ ಇವರ ಅತ್ಯಂತ ಸ್ವಚ್ಛಂದ ಕೃತಿ. ರಂಗಮಂದಿರದ ಎದುರಿಗಿದ್ದ, ರಾತ್ರಿಯಿಡೀ ತೆರೆದಿರುತ್ತಿದ್ದ ಮಾರುಕಟ್ಟೆಗೆ ಕ್ಯಾಮೆರಾ ತಿರುಗಿಸುವುದು, ಮೈತುಂಬ ಟೀ ಚೀಲಗಳನ್ನು ಕಟ್ಟಿಕೊಂಡು ನೀರಿನ ತೊಟ್ಟಿಯಲ್ಲಿ ಮುಳುಗುವುದು ಮುಂತಾದ ಚೇಷ್ಟೆಗಳಿಗೆ ಕೊನೆಯಿರಲಿಲ್ಲ. 1963ರಲ್ಲಿ ಇಪ್ಪತ್ತೆರಡು ವರ್ಷದ ಫ್ರಾಂಕ್ ಝಾಪ ಎಂಬ ಅಪರಿಚಿತ ಯುವಕ ಬಂದು ಬೈಸಿಕಲ್ಲನ್ನು ವಾದ್ಯದಂತೆ ನುಡಿಸಿದ್ದು ಇಲ್ಲಿಯೇ. ಇಂಡಿಯಾನಾಪೊಲಿಸ್‌ನಲ್ಲಿ ಬಾಲಕನಾಗಿ ಇದನ್ನು ನೋಡುತ್ತಿದ್ದ ಡೇವಿಡ್ ಲೆಟರ್‌ಮನ್, ಮುಂದೆ ತಮ್ಮ ಕಾರ್ಯಕ್ರಮದಲ್ಲಿ ಇಂಥ ಚೇಷ್ಟೆಗಳನ್ನು ಮರಳಿ ತಂದರು. ಅಲೆನ್ ಅವರ ಋಣವನ್ನು ಮುಕ್ತವಾಗಿ ಒಪ್ಪಿಕೊಂಡರು.

'ಮೀಟಿಂಗ್ ಆಫ್ ಮೈಂಡ್ಸ್'

ತಮ್ಮ ಕೃತಿಗಳಲ್ಲಿ ಅಲೆನ್ ಅತ್ಯಂತ ಹೆಮ್ಮೆಪಟ್ಟುಕೊಂಡಿದ್ದು ಈ ಸರಣಿಯ ಬಗ್ಗೆ. ಬೇರೆ ಬೇರೆ ಶತಮಾನಗಳ ಚಾರಿತ್ರಿಕ ವ್ಯಕ್ತಿಗಳು ಒಂದೇ ಮೇಜಿನ ಸುತ್ತ ಕುಳಿತು ವಾದಿಸುವುದು ಇದರ ಕಲ್ಪನೆ. ನಟರು ಆಯಾ ವೇಷದಲ್ಲಿ ಬರುತ್ತಿದ್ದರು. ಅಲೆನ್ ತಾವೇ ನಿರೂಪಕರಾಗಿ, ಜೀವಂತ ಅತಿಥಿಗಳನ್ನು ಕೇಳುವಂತೆಯೇ ಪ್ರಶ್ನಿಸುತ್ತಿದ್ದರು. ಕಾರ್ಲ್ ಮಾರ್ಕ್ಸ್ ಮತ್ತು ಮೇರಿ ಆಂಟೊನೆಟ್ ಒಂದೇ ಸಂಚಿಕೆಯಲ್ಲಿ ಎದುರುಬದುರಾದರು. ಗೆಲಿಲಿಯೊ, ಡಾರ್ವಿನ್, ಎಮಿಲಿ ಡಿಕಿನ್ಸನ್ ಮತ್ತು ಹೂಣರ ದೊರೆ ಅಟ್ಟಿಲ ಇನ್ನೊಂದರಲ್ಲಿ. ಕ್ಲಿಯೋಪಾತ್ರಳೂ ಸೇರಿದಂತೆ ಹಲವು ಸ್ತ್ರೀಪಾತ್ರಗಳನ್ನು ಜೇನ್ ಮೆಡೋಸ್ ನಿರ್ವಹಿಸಿದರು. ಚಾರಿತ್ರಿಕ ವ್ಯಕ್ತಿಗಳ ಬರಹ ಮತ್ತು ದಾಖಲಿತ ಅಭಿಪ್ರಾಯಗಳನ್ನು ಓದಿ, ಅದರ ಆಧಾರದ ಮೇಲೆ ಸಂಭಾಷಣೆಯನ್ನು ಅಲೆನ್ ರಚಿಸಿದರು. ಸಿದ್ಧಪಾಠವಿಲ್ಲದ ಮಾತಿನಿಂದ ಹೆಸರಾದವರು ಅಕ್ಷರಕ್ಷರವೂ ಬರೆದಿಟ್ಟ ಹರಟೆಯನ್ನು ತಮ್ಮ ಶ್ರೇಷ್ಠ ಕೃತಿಯೆಂದು ಬಗೆದದ್ದು ವಿಚಿತ್ರವೇ ಸರಿ.

1959ರಲ್ಲಿಯೇ ಹೊಳೆದಿದ್ದ ಈ ಕಲ್ಪನೆಯನ್ನು ವಾಣಿಜ್ಯ ವಾಹಿನಿಗಳು ಕೈಗೆತ್ತಿಕೊಳ್ಳಲಿಲ್ಲ. ಸಾರ್ವಜನಿಕ ವಾಹಿನಿಯಾದ ಪಿಬಿಎಸ್ 1977ರಿಂದ 1981ರವರೆಗೆ 24 ಸಂಚಿಕೆಗಳನ್ನು ಪ್ರಸಾರ ಮಾಡಿತು. ಸರಣಿಗೆ ಪೀಬಾಡಿ ಮತ್ತು ಎಮ್ಮಿ ಪ್ರಶಸ್ತಿಗಳು ಲಭಿಸಿದವು.

ಸಂಗೀತ ಮತ್ತು ಬರವಣಿಗೆ

ಅಲೆನ್ ಅವರಿಗೆ ಸ್ವರಲಿಪಿ ಓದಲು ಬರುತ್ತಿರಲಿಲ್ಲ. ಹೊಳೆದ ಧಾಟಿಯನ್ನು ಪಿಯಾನೊದಲ್ಲಿ ನುಡಿಸಿ ಧ್ವನಿಮುದ್ರಿಸಿಕೊಳ್ಳುತ್ತಿದ್ದರು. ಇವರ ಹಾಡುಗಳ ಸಂಖ್ಯೆಯನ್ನು 8,500ಕ್ಕೂ ಹೆಚ್ಚೆಂದು ಹೇಳಲಾಗುತ್ತದೆ. ಜನರ ಬಾಯಲ್ಲಿ ಉಳಿದವು ಬೆರಳೆಣಿಕೆಯಷ್ಟು. ಅವುಗಳಲ್ಲಿ 'ದಿಸ್ ಕುಡ್ ಬಿ ದಿ ಸ್ಟಾರ್ಟ್ ಆಫ್ ಸಮ್‌ಥಿಂಗ್ ಬಿಗ್' ಮುಖ್ಯವಾದುದು. ರೇ ಬ್ರೌನ್ ಅವರೊಡನೆ ರಚಿಸಿದ 'ಗ್ರೇವಿ ವಾಲ್ಟ್ಸ್' 1964ರಲ್ಲಿ ಗ್ರ್ಯಾಮಿ ಪ್ರಶಸ್ತಿ ಪಡೆಯಿತು. 1956ರಲ್ಲಿ ತೆರೆಕಂಡ 'ದಿ ಬೆನ್ನಿ ಗುಡ್‌ಮನ್ ಸ್ಟೋರಿ' ಚಿತ್ರದಲ್ಲಿ ಜಾಝ್ ಕಲಾವಿದ ಗುಡ್‌ಮನ್ ಅವರ ಪಾತ್ರ ವಹಿಸಿದರು. ಬಕ್ ಹ್ಯಾಮರ್ ಎಂಬ ದಿವಂಗತ ಕಪ್ಪು ಪಿಯಾನೊ ವಾದಕನದೆಂದು ಹೇಳಿ ತಮ್ಮದೇ ವಾದನದ ಧ್ವನಿಮುದ್ರಿಕೆ ಹೊರತಂದಾಗ ವಿಮರ್ಶಕರಲ್ಲಿ ಕೆಲವರು ಆ ಕಲ್ಪಿತ ವ್ಯಕ್ತಿಯ ಪ್ರತಿಭೆಯನ್ನು ಕೊಂಡಾಡಿದರು. ಎಲ್ಲ ಪ್ರಯತ್ನಗಳೂ ಹೀಗೆ ಫಲಿಸಲಿಲ್ಲ. ಇವರು ಹಾಡು ಬರೆದ ಬ್ರಾಡ್‌ವೇ ಸಂಗೀತನಾಟಕ 'ಸೋಫಿ' 1963ರಲ್ಲಿ ಎಂಟು ಪ್ರದರ್ಶನಗಳಿಗೇ ಮುಗಿಯಿತು.

ಐವತ್ತಕ್ಕೂ ಹೆಚ್ಚು ಪುಸ್ತಕಗಳಲ್ಲಿ ಹಾಸ್ಯಗಾರರ ಅಧ್ಯಯನ, ಪತ್ತೇದಾರಿ ಕಾದಂಬರಿ, ಕವಿತೆ, ಆತ್ಮಕಥೆ ಎಲ್ಲವೂ ಇವೆ. ವಲಸೆ ಕೃಷಿಕಾರ್ಮಿಕರ ಬವಣೆಯ ಬಗ್ಗೆ 1966ರಲ್ಲಿ ಬರೆದ 'ದಿ ಗ್ರೌಂಡ್ ಈಸ್ ಅವರ್ ಟೇಬಲ್' ಹಾಗೂ ಜನರಲ್ಲಿ ಆಲೋಚನಾಶಕ್ತಿ ಕುಸಿಯುತ್ತಿದೆ ಎಂಬ ಕಳವಳದಿಂದ ಹುಟ್ಟಿದ 'ಡಮ್ತ್' (1989) ಗಮನಾರ್ಹ. ಮಕ್ಕಳಲ್ಲಿ ಒಬ್ಬರು ಒಂದು ಧಾರ್ಮಿಕ ಪಂಗಡವನ್ನು ಸೇರಿ ದೂರವಾದಾಗ ಆ ನೋವಿನಿಂದ ಹುಟ್ಟಿದ್ದು 'ಬಿಲವೆಡ್ ಸನ್' (1982). ಮಗನನ್ನು ದೂಷಿಸುವುದಕ್ಕಿಂತ ಅರ್ಥಮಾಡಿಕೊಳ್ಳಲು ತಂದೆಯೊಬ್ಬ ಹೆಣಗುವ ಆ ಪುಸ್ತಕದಲ್ಲಿ ಹಾಸ್ಯಗಾರನ ಸುಳಿವೇ ಕಾಣುವುದಿಲ್ಲ.

ಸಾರ್ವಜನಿಕ ನಿಲುವುಗಳು

ಕ್ಯಾಥೊಲಿಕ್ ಆಗಿ ಬೆಳೆದ ಅಲೆನ್ ಕ್ರಮೇಣ ಮತಧರ್ಮದಿಂದ ದೂರ ಸರಿದು ವಿಚಾರವಾದಿಯಾದರು. 1959ರಲ್ಲಿ ನಟ ರಾಬರ್ಟ್ ರಯಾನ್ ಅವರೊಡನೆ ಅಣ್ವಸ್ತ್ರ ವಿರೋಧಿ ಚಳವಳಿಯ ಹಾಲಿವುಡ್ ಶಾಖೆಯನ್ನು ಕಟ್ಟಿದರು, ಮರಣದಂಡನೆಯನ್ನು ವಿರೋಧಿಸಿದರು. ಕೊನೆಯ ವರ್ಷಗಳಲ್ಲಿ ದೂರದರ್ಶನದ ಅಶ್ಲೀಲತೆ ಮತ್ತು ಹಿಂಸೆಯ ವಿರುದ್ಧ ದನಿಯೆತ್ತಿ, ಪೇರೆಂಟ್ಸ್ ಟೆಲಿವಿಷನ್ ಕೌನ್ಸಿಲ್ ಸಂಸ್ಥೆಯ ಪೂರ್ಣಪುಟದ ಪತ್ರಿಕಾ ಜಾಹೀರಾತುಗಳಿಗೆ ತಮ್ಮ ಭಾವಚಿತ್ರ ನೀಡಿದರು. ಲೆನ್ನಿ ಬ್ರೂಸ್ ಅವರನ್ನು ಧೈರ್ಯದಿಂದ ಬರಮಾಡಿಕೊಂಡವರು ಸಂಪ್ರದಾಯವಾದಿಗಳ ಈ ಆಂದೋಲನದ ಮುಖವಾದದ್ದು ಹಳೆಯ ಅಭಿಮಾನಿಗಳಲ್ಲಿ ಅನೇಕರನ್ನು ಕಸಿವಿಸಿಗೊಳಿಸಿತು. ಬ್ರೂಸ್ ಅವರ ಮಾತಿನ ಹಿಂದೆ ಒಂದು ವಿಚಾರವಿತ್ತು, ಈಗಿನದರಲ್ಲಿ ಅದಿಲ್ಲ ಎಂಬುದು ಅಲೆನ್ ಅವರ ವಾದದ ತಿರುಳು. ಆ ಗೆರೆಯನ್ನು ಎಳೆಯುವವರು ಯಾರೆಂಬ ಪ್ರಶ್ನೆಗೆ ಇವರಿಂದ ತೃಪ್ತಿಕರ ಉತ್ತರ ಬರಲಿಲ್ಲ. ಈ ವಿಷಯದ ಮೇಲಿನ ಕೊನೆಯ ಪುಸ್ತಕ 'ವಲ್ಗೇರಿಯನ್ಸ್ ಅಟ್ ದಿ ಗೇಟ್' ಮರಣಾನಂತರ 2001ರಲ್ಲಿ ಪ್ರಕಟವಾಯಿತು.

1986ರಲ್ಲಿ ಇವರ ಹೆಸರನ್ನು ಅಮೆರಿಕದ ಟೆಲಿವಿಷನ್ ಅಕಾಡೆಮಿಯ ಕೀರ್ತಿಭವನಕ್ಕೆ ಸೇರಿಸಲಾಯಿತು. ಹಾಲಿವುಡ್‌ನ ವಾಕ್ ಆಫ್ ಫೇಮ್‌ನಲ್ಲಿ ಬಾನುಲಿಗೊಂದು, ದೂರದರ್ಶನಕ್ಕೊಂದು, ಹೀಗೆ ಎರಡು ನಕ್ಷತ್ರಗಳು ಇವರ ಹೆಸರಿನಲ್ಲಿವೆ.

ನಿಧನ

2000ರ ಅಕ್ಟೋಬರ್ 30ರಂದು ಲಾಸ್ ಏಂಜಲೀಸ್‌ನ ಎನ್ಸಿನೊ ಪ್ರದೇಶದಲ್ಲಿದ್ದ ಕಿರಿಯ ಮಗನ ಮನೆಗೆ ಕಾರು ಚಲಾಯಿಸಿಕೊಂಡು ಹೋಗುತ್ತಿದ್ದಾಗ, ಮನೆಯೊಂದರ ಅಂಗಳದಿಂದ ಹಿಮ್ಮುಖವಾಗಿ ಬಂದ ವಾಹನ ಇವರ ಕಾರಿಗೆ ಬಡಿಯಿತು. ಪೆಟ್ಟಾದಂತೆ ಕಾಣಲಿಲ್ಲ, ಅಲೆನ್ ಪ್ರಯಾಣ ಮುಂದುವರಿಸಿದರು. ಮರುದಿನ ಹ್ಯಾಲೋವೀನ್ ಹಬ್ಬವಿದ್ದುದರಿಂದ ಮೊಮ್ಮಕ್ಕಳೊಡನೆ ಕುಂಬಳಕಾಯಿ ಕೆತ್ತಿದರು. ಊಟದ ನಂತರ ಆಯಾಸವೆನಿಸಿ ಮಲಗಿದವರು ಮತ್ತೆ ಏಳಲಿಲ್ಲ. ಆಗ ಅವರಿಗೆ 78 ವರ್ಷ. ಹೃದಯಾಘಾತವೆಂದು ಮೊದಲು ಭಾವಿಸಲಾಗಿತ್ತು. ಅಪಘಾತದಲ್ಲಿ ಪಕ್ಕೆಲುಬುಗಳು ಮುರಿದು, ಹೃದಯಕ್ಕೆ ಗಾಯವಾಗಿ, ಅದರ ಸುತ್ತಲಿನ ಪೊರೆಯೊಳಗೆ ರಕ್ತ ಸೋರಿದ್ದೇ ಮರಣಕ್ಕೆ ಕಾರಣವೆಂದು ಶವಪರೀಕ್ಷೆಯ ನಂತರ ತಿಳಿದುಬಂತು. ಹಾಲಿವುಡ್ ಹಿಲ್ಸ್‌ನ ಫಾರೆಸ್ಟ್ ಲಾನ್ ಸ್ಮಶಾನದಲ್ಲಿ ಇವರನ್ನು ಸಮಾಧಿ ಮಾಡಲಾಗಿದೆ. ಸಮಾಧಿಯ ಮೇಲೆ ಹೆಸರಿನ ಫಲಕವಿಲ್ಲ.